ಹಡಗಿನಿಂದ ತಟ್ಟೆಯವರೆಗೆ: ಗ್ವಾಮ್ ದ್ವೀಪದ ಚಮೊರೊ ಭೋಜನಾಲಯವೊಂದರ ವ್ಯವಹಾರ ಪಾಠ

ಅಕ್ಕಿ ಹೊರಗಿನದು, ಕೋಳಿ ಹೊರಗಿನದು, ಎಣ್ಣೆ, ಈರುಳ್ಳಿ, ಸೋಯಾ ರಸ ಎಲ್ಲವೂ ಹೊರಗಿನವು. ಆದರೂ ತಟ್ಟೆಯ ಮೇಲಿನ ಊಟ ಮಾತ್ರ ಅಪ್ಪಟ ಸ್ಥಳೀಯ. ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿರುವ ಗ್ವಾಮ್ ದ್ವೀಪದ ಸಣ್ಣ ಭೋಜನಾಲಯಗಳ ವ್ಯವಹಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಹೀಗೆಯೇ ಹೇಳಬೇಕಾಗುತ್ತದೆ. ಆ ದ್ವೀಪದ ಮೂಲನಿವಾಸಿಗಳಾದ ಚಮೊರೊ ಜನರ ಅಡುಗೆಯನ್ನು ಮಾರುವ ಇಂತಹ ಭೋಜನಾಲಯಗಳಲ್ಲಿ ಹತ್ತು ಹನ್ನೆರಡು ಮೇಜುಗಳಿರುತ್ತವೆ. ಅನೇಕ ಕಡೆ ಅಷ್ಟೂ ಇರುವುದಿಲ್ಲ. ಒಂದು ಕುಟುಂಬದವರೇ ಅಡುಗೆ, ಬಡಿಸುವಿಕೆ ಮತ್ತು ಲೆಕ್ಕಪತ್ರಗಳನ್ನು ನೋಡಿಕೊಳ್ಳುವುದು ಸಾಮಾನ್ಯ.

ಕಚ್ಚಾ ಸಾಮಗ್ರಿಯ ಮೇಲೆ ಯಾವ ಹಿಡಿತವೂ ಇಲ್ಲದ ಉದ್ಯಮವೊಂದು ತನ್ನದೇ ಆದ ಸರಕನ್ನು ಹೇಗೆ ಸಿದ್ಧಪಡಿಸುತ್ತದೆ, ಅದಕ್ಕೆ ಎಲ್ಲಿಂದ ಅಪಾಯ ಒದಗುತ್ತದೆ ಎಂಬುದು ಸಣ್ಣ ಉತ್ಪಾದಕರೆಲ್ಲರೂ ಯೋಚಿಸಬೇಕಾದ ಪ್ರಶ್ನೆ. ಗ್ವಾಮ್‌ನ ಊಟದ ತಟ್ಟೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಟ್ಟೆಯ ಪರಿಚಯ

ಚಮೊರೊ ಊಟದ ಮಧ್ಯದಲ್ಲಿರುವುದು ಕೆಂಪು ಅನ್ನ. ಅಲ್ಲಿನ ಭಾಷೆಯಲ್ಲಿ ಇದಕ್ಕೆ ಹಿನೆಕ್ಸಾ ಅಗಾಗಾ ಎಂದು ಹೆಸರು. ಅಚೋಟೆ ಎಂಬ ಗಿಡದ ಬೀಜಗಳನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಇಳಿದ ಬಣ್ಣದ ನೀರಿನಲ್ಲಿ ಅಕ್ಕಿಯನ್ನು ಬೇಯಿಸುತ್ತಾರೆ. ಈ ಗಿಡ ನಮ್ಮವರಿಗೆ ತೀರ ಅಪರಿಚಿತವಲ್ಲ. ಕನ್ನಡದಲ್ಲಿ ಇದನ್ನು ರಂಗಮಾಲೆ ಎನ್ನುತ್ತಾರೆ. ಬೆಣ್ಣೆ ಮತ್ತು ಚೀಸಿಗೆ ಬಣ್ಣ ಕೊಡುವ ಅನ್ನಾಟೊ ಎಂಬ ಹೆಸರಿನಲ್ಲಿ ಆಹಾರ ಸಂಸ್ಕರಣೆಯ ಉದ್ಯಮಿಗಳು ಇದೇ ಬೀಜವನ್ನು ಬಲ್ಲರು.

ಅನ್ನದ ಪಕ್ಕದಲ್ಲಿ ಕೆಲಗ್ವೆನ್ ಇರುತ್ತದೆ. ಕೆಂಡದ ಮೇಲೆ ಸುಟ್ಟ ಕೋಳಿಮಾಂಸವನ್ನು ಸಣ್ಣಗೆ ಕೊಚ್ಚಿ, ನಿಂಬೆರಸ, ಈರುಳ್ಳಿ, ಹಸಿ ಖಾರದ ಮೆಣಸಿನಕಾಯಿ ಮತ್ತು ಆಗತಾನೆ ತುರಿದ ತೆಂಗಿನಕಾಯಿಯನ್ನು ಕಲಸಿ ಇದನ್ನು ತಯಾರಿಸುತ್ತಾರೆ. ಮೀನು, ಸೀಗಡಿ ಮತ್ತು ದನದ ಮಾಂಸದಿಂದಲೂ ಇದನ್ನು ಮಾಡುವ ರೂಢಿಯಿದೆ. ಇದನ್ನು ತಿತಿಯಾಸ್ ಎಂಬ ರೊಟ್ಟಿಯೊಡನೆ ತಿನ್ನುತ್ತಾರೆ. ರೊಟ್ಟಿ ಮೆಕ್ಕೆಜೋಳದ್ದಾಗಿರಬಹುದು, ಗೋಧಿಹಿಟ್ಟಿನದಾಗಿರಬಹುದು. ಸೋಯಾ ರಸ ಮತ್ತು ವಿನಿಗರ್‌ನಲ್ಲಿ ನೆನೆಸಿ ಸುಟ್ಟ ಕೋಳಿ ಅಥವಾ ಪಕ್ಕೆಲುಬಿನ ಮಾಂಸ ಮೂರನೆಯ ಬಾಬು. ಕೆಸುವಿನ ಎಲೆಗಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಪಲ್ಯವೂ, ಕಾದೊನ್ ಪಿಕಾ ಎಂಬ ಖಾರದ ಕೋಳಿ ಸಾರೂ ಉಂಟು.

ಇವೆಲ್ಲಕ್ಕೂ ಜೊತೆಯಾಗಿ ಒಂದು ಪುಟ್ಟ ಬಟ್ಟಲಿನಲ್ಲಿ ಫಿನಾದೆನ್ನೆ ಬರುತ್ತದೆ. ಸೋಯಾ ರಸ, ವಿನಿಗರ್ ಅಥವಾ ನಿಂಬೆರಸ, ಹೆಚ್ಚಿದ ಈರುಳ್ಳಿ ಮತ್ತು ದೊನ್ನೆ ಎಂಬ ಮೆಣಸಿನಕಾಯಿ ಸೇರಿಸಿದ ಈ ರಸವಿಲ್ಲದೆ ಚಮೊರೊ ಊಟ ಪೂರ್ಣವಾಗದು. ಸಿಹಿಗೆ ಎಳೆ ತೆಂಗಿನ ತಿರುಳಿನ ಅಹು ಎಂಬ ಪಾಯಸ, ಬಾಳೆಯೆಲೆಯಲ್ಲಿ ಸುಟ್ಟ ಅಪಿಗಿಗಿ, ದಾಲ್ಚಿನ್ನಿಯ ಪುಡಿ ಉದುರಿಸಿದ ಲಾತಿಯಾ ಇರುತ್ತವೆ. ಊಟದ ಅನಂತರ ಹಿರಿಯರು ವೀಳ್ಯದೆಲೆ, ಅಡಿಕೆ, ಸುಣ್ಣ ಹಾಕಿಕೊಳ್ಳುವ ಪದ್ಧತಿಯೂ ಅಲ್ಲುಂಟು. ಅಡಿಕೆಗೆ ಅವರು ಪುಗುವಾ ಎನ್ನುತ್ತಾರೆ. ತೆಂಗು ತುರಿಯಲು ಬಳಸುವ ಕಾಮ್ಯು ಎಂಬ ಸಾಧನ ನಮ್ಮ ಮನೆಗಳ ತುರಿಮಣೆಯಂತೆಯೇ ಕುಳಿತು ತುರಿಯುವ ಮಣೆಯಾಗಿರುತ್ತದೆ.

ತಟ್ಟೆಯ ಹಿಂದಿನ ವ್ಯಾಪಾರ ಚರಿತ್ರೆ

ಈ ಪಟ್ಟಿಯನ್ನು ವರ್ತಕನ ಕಣ್ಣಿನಿಂದ ನೋಡಿದರೆ ನಾಲ್ಕೂವರೆ ಶತಮಾನಗಳ ಸರಕು ಸಾಗಣೆಯ ಚರಿತ್ರೆ ಗೋಚರಿಸುತ್ತದೆ. ತೆಂಗು, ಕೆಸು, ದೀವಿಹಲಸು, ಗೆಣಸಿನ ಜಾತಿಯ ಗೆಡ್ಡೆಗಳು ಮತ್ತು ಮೀನು ದ್ವೀಪದ ಪ್ರಾಚೀನ ಆಹಾರ. ಯುರೋಪಿಯನ್ನರು ಬರುವ ಮೊದಲೇ ಚಮೊರೊ ಜನರು ಭತ್ತ ಬೆಳೆಯುತ್ತಿದ್ದರು. ಪೆಸಿಫಿಕ್‌ನ ದೂರದ್ವೀಪಗಳ ಪೈಕಿ ಇದು ಮರಿಯಾನ ದ್ವೀಪಗಳ ವಿಶೇಷ.

1521ರಲ್ಲಿ ಮೆಗಲನ್‌ನ ಹಡಗುಗಳು ಗ್ವಾಮ್ ತಲುಪಿದವು. 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೊ ಮತ್ತು ಫಿಲಿಪೈನ್ಸ್‌ನ ಮನಿಲಾಗಳ ನಡುವೆ ಸ್ಪೇನಿನ ವ್ಯಾಪಾರಿ ಹಡಗುಗಳು ಓಡಾಡಿದವು. ಪಶ್ಚಿಮಕ್ಕೆ ಸಾಗುವ ಹಡಗುಗಳಿಗೆ ಗ್ವಾಮ್ ತಂಗುದಾಣವಾಯಿತು. ಮೆಕ್ಕೆಜೋಳ, ಮೆಣಸಿನಕಾಯಿ, ಅಚೋಟೆ ಮತ್ತು ಹಿಟ್ಟು ಅರೆಯುವ ಮೆಕ್ಸಿಕೋದ ಕಲ್ಲು ಈ ಮಾರ್ಗದ ಕೊಡುಗೆಗಳು. ತಿತಿಯಾಸ್ ಎಂಬ ಹೆಸರೇ ಮೆಕ್ಸಿಕೋದ ತೊರ್ತಿಯಾ ರೊಟ್ಟಿಯನ್ನು ನೆನಪಿಗೆ ತರುತ್ತದೆ. ಸೋಯಾ ರಸವು ಏಷ್ಯಾದ ಕಡೆಯಿಂದ ಬಂದಿತು.

1898ರಲ್ಲಿ ಗ್ವಾಮ್ ಅಮೆರಿಕದ ವಶವಾಯಿತು. 1941ರ ಡಿಸೆಂಬರ್‌ನಿಂದ 1944ರವರೆಗೆ ಜಪಾನಿನ ಸೇನೆ ದ್ವೀಪವನ್ನು ಆಕ್ರಮಿಸಿತ್ತು. ಯುದ್ಧಾನಂತರ ಸೇನಾ ನೆಲೆಗಳಿಗಾಗಿ ಬಹಳಷ್ಟು ಜಮೀನು ಸ್ವಾಧೀನವಾಯಿತು. ಇಂದಿಗೂ ದ್ವೀಪದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲ ಅಮೆರಿಕದ ಸೇನೆಯ ಕೈಯಲ್ಲಿದೆ. ಬೇಸಾಯದ ನೆಲ ಕುಗ್ಗಿದಂತೆ ಡಬ್ಬಿಯ ಮಾಂಸ, ಹೊರಗಿನ ಅಕ್ಕಿ ಮತ್ತು ಶೀತಲೀಕರಿಸಿದ ಕೋಳಿ ನಿತ್ಯಾಹಾರವಾದವು. ಬಂದ ಪ್ರತಿಯೊಂದು ಸರಕನ್ನೂ ಚಮೊರೊ ಅಡುಗೆ ತನ್ನದನ್ನಾಗಿ ಮಾಡಿಕೊಂಡಿತು. ಆದರೆ ಅದರ ಜೊತೆಗೆ ಹಡಗಿನ ಅವಲಂಬನೆಯೂ ಬೆಳೆಯಿತು.

ಕಚ್ಚಾ ಸಾಮಗ್ರಿ ಬರುವ ದಾರಿ

ಗ್ವಾಮ್‌ನ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್; ಅಂದರೆ ಬೆಂಗಳೂರು ನಗರಕ್ಕಿಂತ ಚಿಕ್ಕದು. 2010ರ ಜನಗಣತಿಯಲ್ಲಿ 1,59,358 ಇದ್ದ ಜನಸಂಖ್ಯೆ 2020ರಲ್ಲಿ 1,53,836ಕ್ಕೆ ಇಳಿಯಿತು. ಹವಾಯಿಯ ಹೊನೊಲುಲು ಸುಮಾರು 6,100 ಕಿಲೋಮೀಟರ್ ದೂರದಲ್ಲಿದೆ. ಅಮೆರಿಕದ ಪಶ್ಚಿಮ ಕರಾವಳಿ ಅದಕ್ಕೂ ಆಚೆ, 9,000 ಕಿಲೋಮೀಟರಿಗೂ ಹೆಚ್ಚಿನ ಅಂತರದಲ್ಲಿದೆ. ದ್ವೀಪದ ಆಹಾರದ ಬಹುಪಾಲು ಅಪ್ರಾ ಬಂದರಿನ ಮೂಲಕವೇ ಒಳಬರುತ್ತದೆ.

ಇಲ್ಲಿ ಒಂದು ಕಾನೂನಿನ ಸಂಗತಿಯನ್ನು ತಿಳಿಯಬೇಕು. ಅಮೆರಿಕದ ಬಂದರುಗಳ ನಡುವೆ ಸರಕು ಸಾಗಿಸುವ ಹಡಗುಗಳು ಅಮೆರಿಕದ್ದೇ ಆಗಿರಬೇಕೆಂದು 1920ರ ಶಾಸನವೊಂದು ವಿಧಿಸುತ್ತದೆ. ಜೋನ್ಸ್ ಕಾಯಿದೆ ಎಂದು ಪ್ರಸಿದ್ಧವಾದ ಈ ಶಾಸನ ಗ್ವಾಮ್‌ಗೂ ಅನ್ವಯಿಸುತ್ತದೆ. ನೆರೆಯ ಉತ್ತರ ಮರಿಯಾನ ದ್ವೀಪಗಳಿಗೆ ವಿನಾಯಿತಿಯಿದೆ. ಹೀಗಾಗಿ ಅಮೆರಿಕದ ಮುಖ್ಯಭೂಮಿಯಿಂದ ಗ್ವಾಮ್‌ಗೆ ಬರುವ ಸರಕನ್ನು ಹೊರುವ ಹಡಗು ಕಂಪನಿಗಳು ಬೆರಳೆಣಿಕೆಯಷ್ಟು ಮಾತ್ರ. ಸಾಗಣೆ ದರವನ್ನು ಚೌಕಾಸಿ ಮಾಡುವ ಶಕ್ತಿ ಹತ್ತು ಮೇಜಿನ ಭೋಜನಾಲಯದ ಮಾಲೀಕನಿಗೆ ಇರುವುದಿಲ್ಲ. ಹಡಗು ತಡವಾದರೆ ಅಕ್ಕಿಯೂ ಈರುಳ್ಳಿಯೂ ತಡವಾಗುತ್ತವೆ. ದೊಡ್ಡ ದಾಸ್ತಾನು ಇಡಲು ಶೀತಲಗೃಹ ಬೇಕು, ವಿದ್ಯುತ್ ಬೇಕು. ವಿದ್ಯುತ್ ಉತ್ಪಾದನೆಯ ಇಂಧನವೂ ಹೆಚ್ಚಾಗಿ ಹಡಗಿನಲ್ಲೇ ಬರುತ್ತದೆ.

ಹಾಗಾದರೆ ಸ್ಥಳೀಯವಾಗಿ ದೊರೆಯುವುದೇನು? ತೆಂಗಿನಕಾಯಿ, ನಿಂಬೆ, ದೊನ್ನೆ ಮೆಣಸು, ಅಚೋಟೆ, ಕೆಸುವಿನ ಎಲೆ, ಬಾಳೆಯೆಲೆ, ಒಂದಿಷ್ಟು ಮೀನು. ತೂಕದ ಲೆಕ್ಕದಲ್ಲಿ ಇವು ತಟ್ಟೆಯ ಅಲ್ಪಭಾಗ, ಬೆಲೆಯ ಲೆಕ್ಕದಲ್ಲೂ ಅಲ್ಪಭಾಗ. ಆದರೆ ಇವನ್ನು ತೆಗೆದುಬಿಟ್ಟರೆ ತಟ್ಟೆಯಲ್ಲಿ ಉಳಿಯುವುದು ಬಿಳಿಯ ಅನ್ನ ಮತ್ತು ಸುಟ್ಟ ಕೋಳಿ. ಅದನ್ನು ಪ್ರಪಂಚದ ಯಾವ ಮೂಲೆಯಲ್ಲಾದರೂ ತಿನ್ನಬಹುದು. ಸರಕಿಗೆ ಹೆಸರನ್ನು ತಂದುಕೊಡುವ ಅಂಶವು ವೆಚ್ಚದ ಪಟ್ಟಿಯ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ ಎಂಬುದು ಇಲ್ಲಿನ ಮೊದಲ ಪಾಠ.

ಮನೆಯಲ್ಲಿ ಉಚಿತ, ಅಂಗಡಿಯಲ್ಲಿ ಕ್ರಯ

ಚಮೊರೊ ಭೋಜನಾಲಯಕ್ಕೆ ಒಬ್ಬ ವಿಚಿತ್ರ ಪ್ರತಿಸ್ಪರ್ಧಿಯಿದ್ದಾನೆ: ಗಿರಾಕಿಯ ಸ್ವಂತ ಮನೆ. ಗ್ವಾಮ್‌ನಲ್ಲಿ 19 ಗ್ರಾಮಗಳಿದ್ದು, ಗ್ರಾಮದ ರಕ್ಷಕ ಸಂತರ ಹೆಸರಿನಲ್ಲಿ ವರ್ಷವರ್ಷವೂ ಹಬ್ಬ ನಡೆಯುತ್ತದೆ. ಹಬ್ಬದ ದಿನ ಮನೆಮನೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ಅಡುಗೆಯನ್ನು ಸಾಲಾಗಿ ಇಡುತ್ತಾರೆ. ಮೊದಲು ಅನ್ನ, ರೊಟ್ಟಿ, ಗೆಡ್ಡೆಗಳು, ಅನಂತರ ಮಾಂಸ, ಮೀನು, ಬಳಿಕ ಕೆಲಗ್ವೆನ್ ಮುಂತಾದವು, ಕೊನೆಗೆ ಸಿಹಿ. ಬಂದವರಿಗೆಲ್ಲ ಊಟ. ನಾಮಕರಣ, ಮದುವೆ, ಶವಸಂಸ್ಕಾರಗಳಲ್ಲಿಯೂ ಹೀಗೆಯೇ. ಬಂಧುಗಳು ಹಣ, ಸಾಮಗ್ರಿ ಅಥವಾ ದುಡಿಮೆಯನ್ನು ಕೊಟ್ಟು ನೆರವಾಗುತ್ತಾರೆ. ಪಡೆದವರು ಮುಂದೊಂದು ದಿನ ಅದನ್ನು ಹಿಂದಿರುಗಿಸಬೇಕು. ಚೆಂಚುಲೆ ಎಂದು ಕರೆಯುವ ಈ ಪದ್ಧತಿ ನಮ್ಮ ಮದುವೆ ಮನೆಗಳ ಮುಯ್ಯಿಯನ್ನು ಹೋಲುತ್ತದೆ.

ಯಾರೂ ಮಾರದೆ ಎಲ್ಲರೂ ಬಡಿಸುವ ಊಟಕ್ಕೆ ಬೆಲೆ ಕಟ್ಟುವುದು ಸುಲಭವಲ್ಲ. ತನ್ನ ಅಜ್ಜಿಯ ಕೈಯಡುಗೆಗಿಂತ ಕಡಿಮೆ ರುಚಿಯಿದ್ದರೆ ಸ್ಥಳೀಯ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಅಜ್ಜಿಯ ಅಡುಗೆಯಷ್ಟೇ ಇದ್ದರೂ ಹಣ ಕೊಡಲು ಕಾರಣ ಬೇಕು. ಆ ಕಾರಣ ಸಮಯದ ಅಭಾವ. ಸರ್ಕಾರಿ ಕಚೇರಿ, ಬಂದರು, ಸೇನಾ ನೆಲೆ, ಹೋಟೆಲುಗಳಲ್ಲಿ ದುಡಿಯುವವರಿಗೆ ಕೆಲಸದ ದಿನದ ಮಧ್ಯಾಹ್ನ ತೆಂಗು ತುರಿದು ಕೋಳಿ ಕೊಚ್ಚಲು ಬಿಡುವಿಲ್ಲ. ಹಬ್ಬ ಮಾಡುವ ಮನೆಗಳಲ್ಲೂ ಕೈಗಳು ಕಡಿಮೆಯಾಗಿವೆ. ಆದಕಾರಣ ದೊಡ್ಡ ತಟ್ಟೆಗಳಲ್ಲಿ ಕೆಂಪು ಅನ್ನ, ಕೆಲಗ್ವೆನ್‌ಗಳನ್ನು ಮುಂಗಡವಾಗಿ ಹೇಳಿ ಮಾಡಿಸುವ ರೂಢಿ ಬೆಳೆದಿದೆ. ಪ್ರತಿಸ್ಪರ್ಧಿಯೆಂದು ಕಂಡ ಮನೆಯೇ ಹೀಗೆ ಸಗಟು ಗಿರಾಕಿಯಾಗುತ್ತದೆ. ರಾಜಧಾನಿ ಹಗಾಟ್ನಾದ ಚಮೊರೊ ವಿಲೇಜ್ ಎಂಬ ಮಾರುಕಟ್ಟೆ ಬುಧವಾರ ರಾತ್ರಿಯ ಸಂತೆಗೆ ಹೆಸರಾದುದು. ಒಂದು ಒಲೆ, ನಾಲ್ಕು ಪಾತ್ರೆಗಳೊಡನೆ ವ್ಯಾಪಾರ ಕಲಿಯುವವರಿಗೆ ಇಂತಹ ಸಂತೆ ಮೊದಲ ಮೆಟ್ಟಿಲು.

ಒಂದು ತಟ್ಟೆಯ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳಬಹುದು. ಇದು ಯಾವುದೇ ಒಂದು ಅಂಗಡಿಯ ಅಂಕಿ ಅಂಶವಲ್ಲ. ಅಭ್ಯಾಸಕ್ಕಾಗಿ ಮಾಡಿಕೊಂಡ ಉದಾಹರಣೆ ಮಾತ್ರ. ತಟ್ಟೆಯ ಮಾರಾಟ ಬೆಲೆ 100 ಎಂದಿಟ್ಟುಕೊಳ್ಳೋಣ. ಹೊರಗಿನಿಂದ ಬಂದ ಆಹಾರ ಸಾಮಗ್ರಿ 30, ಸ್ಥಳೀಯ ಸಾಮಗ್ರಿ 5, ಪೊಟ್ಟಣದ ಖರ್ಚು 4, ಸಂಬಳ 30, ಬಾಡಿಗೆ ಮತ್ತು ವಿದ್ಯುತ್ ಇತ್ಯಾದಿ 20, ತೆರಿಗೆ 5. ಒಟ್ಟು 94. ಉಳಿಯುವುದು 6.

ತೆರಿಗೆಯ ಬಾಬಿಗೆ ವಿವರಣೆ ಅಗತ್ಯ. ಗ್ವಾಮ್‌ನ ವ್ಯಾಪಾರ ತೆರಿಗೆ ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ ಬೀಳುವಂಥದು. 2018ರಲ್ಲಿ ಅದರ ದರವನ್ನು ಶೇ. 4ರಿಂದ ಶೇ. 5ಕ್ಕೆ ಏರಿಸಲಾಯಿತು. ಕೇಳುವುದಕ್ಕೆ ಇದು ಒಂದೇ ಅಂಶದ ಏರಿಕೆ. ಆದರೆ ನಮ್ಮ ಉದಾಹರಣೆಯ ಅಂಗಡಿಯಲ್ಲಿ ಉಳಿತಾಯ 7ರಿಂದ 6ಕ್ಕೆ ಇಳಿಯುತ್ತದೆ. ಅಂದರೆ ಲಾಭದ ಏಳನೆಯ ಒಂದು ಭಾಗ ಹೋದಂತಾಯಿತು. ನಷ್ಟದಲ್ಲಿ ನಡೆಯುವ ತಿಂಗಳಿನಲ್ಲೂ ಇಂತಹ ತೆರಿಗೆಯನ್ನು ಕಟ್ಟಬೇಕಾಗುತ್ತದೆ. ಸಂಬಳದ ಬಾಬೂ ಸ್ಥಿರವಲ್ಲ. ಗ್ವಾಮ್‌ನ ಕನಿಷ್ಠ ವೇತನ 2020ರ ಮಾರ್ಚ್‌ನಲ್ಲಿ ಗಂಟೆಗೆ 8.75 ಡಾಲರಿಗೂ 2021ರ ಸೆಪ್ಟೆಂಬರ್‌ನಲ್ಲಿ 9.25 ಡಾಲರಿಗೂ ಏರಿತು. ದುಡಿಯುವವನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಲೆಕ್ಕದಲ್ಲಿ ಅದಕ್ಕೆ ಸ್ಥಳ ಮಾಡಿಕೊಳ್ಳಬೇಕಾದವನು ಮಾಲೀಕ.

ದಿನಕ್ಕೆ 100 ತಟ್ಟೆ ಮಾರಾಟವಾಗುತ್ತದೆ ಎಂದು ಭಾವಿಸಿದರೆ ವಹಿವಾಟು 10,000. ಸಂಬಳ, ಬಾಡಿಗೆ, ವಿದ್ಯುತ್ ಸೇರಿ ದಿನದ ಸ್ಥಿರ ವೆಚ್ಚ 5,000. ತಟ್ಟೆಯೊಂದಕ್ಕೆ ಸಾಮಗ್ರಿ, ಪೊಟ್ಟಣ, ತೆರಿಗೆ ಸೇರಿ 44 ಹೋಗಿ, 56 ಉಳಿದು ಸ್ಥಿರ ವೆಚ್ಚದ ಕಡೆಗೆ ಸಲ್ಲುತ್ತದೆ. 5,000ವನ್ನು 56ರಿಂದ ಭಾಗಿಸಿದರೆ 90 ತಟ್ಟೆ. ದಿನಕ್ಕೆ 90 ತಟ್ಟೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಾಲೀಕನ ಬದುಕು ನಿಂತಿರುವುದು ಕೊನೆಯ ಹತ್ತು ತಟ್ಟೆಗಳ ಮೇಲೆ. ಇನ್ನು ಹೊರಗಿನ ಸಾಮಗ್ರಿಯ ಬೆಲೆ ಶೇ. 10ರಷ್ಟು ಏರಿದರೆ ತಟ್ಟೆಗೆ 3 ಹೆಚ್ಚು ಖರ್ಚು; ಲಾಭ ಅರ್ಧಕ್ಕೆ ಇಳಿಯುತ್ತದೆ, ಸಮತೋಲದ ಗಡಿ 95 ತಟ್ಟೆಗೆ ಏರುತ್ತದೆ.

ಈ ಘಟ್ಟದಲ್ಲಿ ಮಾಲೀಕನ ಮುಂದೆ ಒಂದು ಆಮಿಷ ನಿಲ್ಲುತ್ತದೆ. ಹಸಿ ತೆಂಗಿನ ಬದಲು ಪೊಟ್ಟಣದ ಒಣ ತುರಿ, ನಿಂಬೆಹಣ್ಣಿನ ಬದಲು ನಿಂಬೆ ಪುಡಿ, ಅಚೋಟೆಯ ಬದಲು ಕೃತಕ ಬಣ್ಣ ಬಳಸಿದರೆ 5ರ ಬಾಬಿನಲ್ಲಿ 1 ಅಥವಾ 2 ಉಳಿಯಬಹುದು, ಕೈಕೆಲಸವೂ ತಗ್ಗುತ್ತದೆ. ಆದರೆ ಗಿರಾಕಿ ಹಣ ಕೊಡುತ್ತಿದ್ದುದು ಆ 5ಕ್ಕಾಗಿ. ತಟ್ಟೆಗೆ 2 ಉಳಿಸಿದರೆ ಸಿಗುವುದು ದಿನಕ್ಕೆ 200. ಅದರಿಂದ ನಾಲ್ಕು ಗಿರಾಕಿಗಳು ತಪ್ಪಿದರೆ ಹೋಗುವುದು 224ಕ್ಕೂ ಹೆಚ್ಚು. ಉಳಿತಾಯ ಮಾಡಬೇಕಾದ ಸ್ಥಳ 30ರ ಬಾಬಿನಲ್ಲಿದೆಯೇ ಹೊರತು 5ರ ಬಾಬಿನಲ್ಲಿಲ್ಲ. ತಿನಿಸುಗಳ ಪಟ್ಟಿಯನ್ನು ಚಿಕ್ಕದು ಮಾಡುವುದು, ಒಂದೇ ಕೋಳಿಯನ್ನು ಕೆಲಗ್ವೆನ್‌ಗೂ ಕಾದೊನ್ ಪಿಕಾಕ್ಕೂ ಸುಟ್ಟ ಮಾಂಸಕ್ಕೂ ಹೊಂದಿಸುವುದು, ನಾಲ್ಕಾರು ಅಂಗಡಿಗಳು ಸೇರಿ ಅಕ್ಕಿಯನ್ನು ಸಗಟಾಗಿ ಕೊಳ್ಳುವುದು ಇಂತಹ ಉಪಾಯಗಳು.

ಪ್ರವಾಸಿಗಳೆಂಬ ಗಿರಾಕಿಗಳು

1967ರಲ್ಲಿ ಜಪಾನಿನಿಂದ ಪ್ರವಾಸಿಗಳನ್ನು ಹೊತ್ತ ಮೊದಲ ವಿಮಾನ ಗ್ವಾಮ್‌ಗೆ ಬಂದಿಳಿಯಿತು. ಅಂದಿನಿಂದ ಪ್ರವಾಸೋದ್ಯಮ ಸೇನಾ ವೆಚ್ಚದ ಜೊತೆಗೆ ದ್ವೀಪದ ಆರ್ಥಿಕತೆಯ ಎರಡನೆಯ ಕಂಬವಾಯಿತು. ಮೊದಲು ಜಪಾನಿಯರು, ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಕೊರಿಯದವರು ಹೆಚ್ಚಿನ ಸಂಖ್ಯೆಯಲ್ಲಿ ಬಂದರು. 2019ರಲ್ಲಿ 16 ಲಕ್ಷಕ್ಕೂ ಹೆಚ್ಚು ಸಂದರ್ಶಕರು ಬಂದದ್ದು ದಾಖಲೆ. ಆ ಸಂಖ್ಯೆ ದ್ವೀಪದ ಜನಸಂಖ್ಯೆಯ ಹತ್ತು ಪಟ್ಟು. 2020ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಈ ಪ್ರವಾಹ ಒಮ್ಮೆಲೇ ನಿಂತಿತು. ಚೇತರಿಕೆ ಆರಂಭವಾಗಿದ್ದಾಗ, 2023ರ ಮೇ 24ರಂದು ಮಾವಾರ್ ಚಂಡಮಾರುತ ಅಪ್ಪಳಿಸಿತು. ವಿಮಾನ ನಿಲ್ದಾಣ ಹಲವು ದಿನ ಮುಚ್ಚಿತ್ತು. ಅನೇಕ ಕಡೆಗಳಲ್ಲಿ ವಾರಗಟ್ಟಲೆ ವಿದ್ಯುತ್ತೂ ನೀರೂ ಇರಲಿಲ್ಲ. ಶೀತಲಪೆಟ್ಟಿಗೆಯಲ್ಲಿ ಮಾಂಸವಿಟ್ಟು ವ್ಯಾಪಾರ ಮಾಡುವವರಿಗೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಹಿಂದಿನ ಲೆಕ್ಕಕ್ಕೆ ಮರಳಿದರೆ, 100 ತಟ್ಟೆಗಳಲ್ಲಿ 40ನ್ನು ಪ್ರವಾಸಿಗಳು ಕೊಳ್ಳುತ್ತಿದ್ದರೆಂದು ಊಹಿಸಬಹುದು. ಅವರು ಬಾರದಿದ್ದರೆ 60 ತಟ್ಟೆಗಳಿಂದ ದೊರೆಯುವ ಮೊತ್ತ 3,360. ಸ್ಥಿರ ವೆಚ್ಚ 5,000. ಮೂರನೆಯ ಒಂದು ಭಾಗದಷ್ಟು ವೆಚ್ಚವನ್ನು ಕಡಿತಗೊಳಿಸದ ಹೊರತು ಬಾಗಿಲು ತೆರೆಯುವುದೇ ನಷ್ಟ. ಮನೆಯವರೇ ದುಡಿಯುವ ಅಂಗಡಿ ಇಂತಹ ಕಾಲದಲ್ಲಿ ಸಂಬಳದ ಬಾಬನ್ನು ತಾತ್ಕಾಲಿಕವಾಗಿ ಕುಗ್ಗಿಸಬಲ್ಲದು. ಮೇಜು ಕುರ್ಚಿಗಳ ಬದಲು ಪೊಟ್ಟಣದ ಊಟಕ್ಕೆ ತಿರುಗಬಲ್ಲದು. ದೊಡ್ಡ ಬಾಡಿಗೆ ಕೊಟ್ಟು ಪ್ರವಾಸಿ ಬೀದಿಯಲ್ಲಿ ಕುಳಿತ ಅಂಗಡಿಗೆ ಆ ಅನುಕೂಲವಿಲ್ಲ. ಸ್ಥಳೀಯ ನೌಕರನ ಮಧ್ಯಾಹ್ನದ ಊಟ ಲಾಭದ ದೃಷ್ಟಿಯಿಂದ ಚಿಕ್ಕದಾದರೂ ಅಂಗಡಿಯನ್ನು ಉಳಿಸುವ ವ್ಯಾಪಾರ ಅದೇ.

ತೆಂಗಿಗೆ ಬಂದ ಕಂಟಕ

ಸರಕಿಗೆ ಹೆಸರು ಕೊಡುವ ಸ್ಥಳೀಯ ಸಾಮಗ್ರಿಯನ್ನು ಯಾರೂ ವಿಮೆ ಮಾಡಿಸುವುದಿಲ್ಲ. ಅದು ಸದಾ ದೊರೆಯುತ್ತದೆ ಎಂಬ ನಂಬಿಕೆ. 2007ರಲ್ಲಿ ಗ್ವಾಮ್‌ನಲ್ಲಿ ತೆಂಗಿನ ರೈನೋಸರಸ್ ದುಂಬಿ ಮೊದಲ ಬಾರಿಗೆ ಪತ್ತೆಯಾಯಿತು. ಕರ್ನಾಟಕದ ತೆಂಗು ಬೆಳೆಗಾರರು ಕುರುವಾಯಿ ಎಂದು ಕರೆಯುವ ಕೀಟ ಇದೇ. ಮರದ ಸುಳಿಯನ್ನು ಕೊರೆದು ಒಳಹೊಗುವ ಈ ದುಂಬಿ ಕೊಳೆತ ಸಸ್ಯರಾಶಿಯಲ್ಲಿ ಮೊಟ್ಟೆಯಿಡುತ್ತದೆ. 2015ರ ಡಾಲ್ಫಿನ್ ಚಂಡಮಾರುತ ಉರುಳಿಸಿದ ಮರಗಿಡಗಳ ರಾಶಿ ಅದರ ಸಂತಾನಕ್ಕೆ ತೊಟ್ಟಿಲಾಯಿತು. ಬೇರೆ ದ್ವೀಪಗಳಲ್ಲಿ ಈ ಕೀಟವನ್ನು ಹತೋಟಿಗೆ ತಂದ ವೈರಾಣು ಗ್ವಾಮ್‌ನ ತಳಿಯ ಮೇಲೆ ಪರಿಣಾಮ ಬೀರಲಿಲ್ಲ. ದ್ವೀಪದ ತೆಂಗಿನ ಮರಗಳು ದೊಡ್ಡ ಪ್ರಮಾಣದಲ್ಲಿ ಹಾಳಾದವು.

ಕೆಲಗ್ವೆನ್, ಕೆಸುವಿನ ಪಲ್ಯ, ಕಾದೊನ್ ಪಿಕಾ, ಅಹು, ಅಪಿಗಿಗಿ ಎಲ್ಲಕ್ಕೂ ತೆಂಗು ಬೇಕು. ಅಕ್ಕಿ ಒಂದು ಬಂದರಿನಲ್ಲಿ ಸಿಗದಿದ್ದರೆ ಇನ್ನೊಂದು ಬಂದರಿನಿಂದ ತರಿಸಬಹುದು. ಮನೆಯ ಹಿತ್ತಿಲಿನ ಎಳೆ ತೆಂಗಿನಕಾಯಿಗೆ ಬದಲಿ ಬಂದರಿಲ್ಲ. ಬೆಲೆಪಟ್ಟಿಯಲ್ಲಿ ಕಡಿಮೆ ಮೌಲ್ಯದ ಸಾಮಗ್ರಿಯೇ ಉದ್ಯಮದ ಅತ್ಯಂತ ದೊಡ್ಡ ಅಪಾಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಸಾಗರದಾಚೆಯ ಅಂಗಡಿಗಳು

ಚಮೊರೊ ಜನರು ಇಂದು ತಮ್ಮ ದ್ವೀಪಗಳಿಗಿಂತ ಹೆಚ್ಚಾಗಿ ಅಮೆರಿಕದ ರಾಜ್ಯಗಳಲ್ಲಿ ನೆಲೆಸಿದ್ದಾರೆ. 2010ರ ಜನಗಣತಿಯಲ್ಲಿ ಗ್ವಾಮ್‌ನಲ್ಲಿ ಸುಮಾರು 59 ಸಾವಿರ ಮಂದಿ ಚಮೊರೊಗಳೆಂದು ಬರೆಸಿದರೆ, ಅಮೆರಿಕದ ರಾಜ್ಯಗಳಲ್ಲಿ ಮಿಶ್ರ ಮೂಲದವರೂ ಸೇರಿ ಆ ಸಂಖ್ಯೆ 1.47 ಲಕ್ಷವನ್ನು ಮೀರಿತ್ತು. ಈ ವಲಸೆಯಲ್ಲಿ ನೌಕಾಪಡೆಯ ಪಾತ್ರ ದೊಡ್ಡದು. ಹಿಂದೆ ಅಮೆರಿಕದ ನೌಕಾಪಡೆ ಚಮೊರೊ ಯುವಕರನ್ನು ಅಡುಗೆ ಮತ್ತು ಬಡಿಸುವ ಕೆಲಸಗಳಿಗೆ ಮಾತ್ರ ಸೇರಿಸಿಕೊಳ್ಳುತ್ತಿತ್ತು. ಅಂಥವರ ಕುಟುಂಬಗಳು ಸ್ಯಾನ್ ಡಿಯೇಗೊದಂತಹ ನೌಕಾನೆಲೆಯ ನಗರಗಳಲ್ಲಿ ಬೇರುಬಿಟ್ಟವು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮೊದಲಾದ ರಾಜ್ಯಗಳಲ್ಲಿ ಚಮೊರೊ ಊಟದ ಪುಟ್ಟ ಅಂಗಡಿಗಳೂ ಬಂಡಿಗಳೂ ಹುಟ್ಟಿಕೊಂಡವು. ಗ್ವಾಮ್‌ನ ದೂರವಾಣಿ ಸಂಕೇತವಾದ 671 ಎಂಬ ಸಂಖ್ಯೆಯನ್ನು ಹೆಸರಿನಲ್ಲಿ ಇಟ್ಟುಕೊಂಡವುಗಳೂ ಉಂಟು. ಬಲ್ಲವರಿಗೆ ಅಷ್ಟೇ ಸಾಕು.

ಅಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಕ್ಕಿ, ಕೋಳಿ, ಈರುಳ್ಳಿ ಹತ್ತಿರದ ಸಗಟು ಮಳಿಗೆಯಲ್ಲೇ ಅಗ್ಗವಾಗಿ ದೊರೆಯುತ್ತವೆ. ಹಸಿ ತೆಂಗು, ದೊನ್ನೆ, ಅಚೋಟೆ, ಕೆಸುವಿನ ಎಲೆಗಳು ದೂರದಿಂದ ಬರಬೇಕು, ಅಥವಾ ಶೀತಲೀಕರಿಸಿದ ಬದಲಿಯಿಂದ ಸಂತೃಪ್ತರಾಗಬೇಕು. ದ್ವೀಪದಲ್ಲಿ ಹೊಟ್ಟೆ ತುಂಬಿಸುವ ವಸ್ತು ದುಬಾರಿ, ರುಚಿ ಅಗ್ಗ. ಮುಖ್ಯಭೂಮಿಯಲ್ಲಿ ಹೊಟ್ಟೆ ತುಂಬಿಸುವ ವಸ್ತು ಅಗ್ಗ, ರುಚಿ ದುಬಾರಿ. ಒಂದೇ ಸರಕನ್ನು ಎರಡು ಸ್ಥಳಗಳಲ್ಲಿ ಮಾರುವವರು ಎರಡು ಬೇರೆ ವೆಚ್ಚಪಟ್ಟಿಗಳನ್ನು ಇಡಬೇಕೆಂಬುದನ್ನು ಹೊಸ ಊರುಗಳಲ್ಲಿ ಶಾಖೆ ತೆರೆಯುವ ನಮ್ಮ ಖಾನಾವಳಿಗಳೂ ನೆನಪಿಡಬಹುದು.

ಸಣ್ಣ ತಯಾರಕರಿಗೆ ಇರುವ ಅವಕಾಶ

ಈ ವ್ಯತ್ಯಾಸವೇ ದ್ವೀಪದ ಸಣ್ಣ ತಯಾರಕರಿಗೆ ಮಾರುಕಟ್ಟೆಯನ್ನು ಒದಗಿಸುತ್ತದೆ. ಅಚೋಟೆ ಪುಡಿ, ಮೆಣಸಿನ ಉಪ್ಪಿನಕಾಯಿ, ಬಾಟಲಿಯ ಫಿನಾದೆನ್ನೆ ಮುಂತಾದವು ತೂಕದಲ್ಲಿ ಕಡಿಮೆ, ಮೌಲ್ಯದಲ್ಲಿ ಹೆಚ್ಚು, ಬೇಗ ಕೆಡದಂತೆ ಮಾಡಬಹುದಾದವು. ಗ್ವಾಮ್ ಅಮೆರಿಕದ ಭಾಗವಾಗಿದ್ದರೂ ಅದರ ಸುಂಕ ವಲಯದ ಹೊರಗಿದೆ. ಆದರೂ ಅಲ್ಲಿ ತಯಾರಾದ ಸರಕಿನಲ್ಲಿ ಹೊರದೇಶದ ಸಾಮಗ್ರಿಯ ಮೌಲ್ಯ ಶೇ. 70ನ್ನು ಮೀರದಿದ್ದರೆ ಅಮೆರಿಕಕ್ಕೆ ಸುಂಕವಿಲ್ಲದೆ ಪ್ರವೇಶ ಸಿಗುವುದು ಸಾಮಾನ್ಯ ನಿಯಮ.

ಆದರೆ ತಟ್ಟೆಯಿಂದ ಬಾಟಲಿಗೆ ಹೋಗುವುದು ಬೇರೊಂದು ಉದ್ಯಮವೇ ಸರಿ. ಮೇಜಿನ ಮೇಲೆ ಒಂದು ಗಂಟೆ ಬಾಳಬೇಕಾದ ರಸ ಬೇರೆ, ಕಪಾಟಿನಲ್ಲಿ ಆರು ತಿಂಗಳು ನಿಲ್ಲಬೇಕಾದ ರಸ ಬೇರೆ. ಹುಳಿ ಸೇರಿಸಿ ಕಾಪಿಡುವ ಆಹಾರದ ಪಿ.ಎಚ್. ಪ್ರಮಾಣ 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಹಸಿ ಈರುಳ್ಳಿ, ಹಸಿ ಮೆಣಸು ಸೇರಿದಾಗ ಈ ಪ್ರಮಾಣವನ್ನು ಪರೀಕ್ಷಿಸಿ ದಾಖಲಿಸಬೇಕು. ನಿಂಬೆರಸದಲ್ಲಿ ಹಸಿ ಮಾಂಸ ಬಣ್ಣ ಬದಲಿಸಿದ ಮಾತ್ರಕ್ಕೆ ಅದರಲ್ಲಿನ ಸೂಕ್ಷ್ಮಜೀವಿಗಳೆಲ್ಲ ಸತ್ತವೆಂದು ತಿಳಿಯುವಂತಿಲ್ಲ. ತೆಂಗಿನ ತುರಿ ಬೆರೆತ ಕೆಲಗ್ವೆನ್ ಬಹು ಬೇಗ ಕೆಡುವುದರಿಂದ ಅದು ಎಂದಿಗೂ ಅಂಗಡಿಯ ಸರಕೇ, ರಫ್ತಿನ ಸರಕಾಗದು. ಯಾವುದನ್ನು ಬಾಟಲಿಗೆ ತುಂಬಬಹುದು, ಯಾವುದನ್ನು ತುಂಬಬಾರದು ಎಂಬ ವಿವೇಕವೇ ತಯಾರಕನ ಮೊದಲ ಬಂಡವಾಳ.

ಗಮನದಲ್ಲಿಡಬೇಕಾದ ಅಂಶಗಳು

1. ವೆಚ್ಚದ ಪಟ್ಟಿಯನ್ನು ಎರಡು ಸಲ ಓದಬೇಕು: ಒಮ್ಮೆ ಮೊತ್ತದ ಕ್ರಮದಲ್ಲಿ, ಇನ್ನೊಮ್ಮೆ ಗಿರಾಕಿ ಬರುವ ಕಾರಣದ ಕ್ರಮದಲ್ಲಿ. ಎರಡು ಪಟ್ಟಿಗಳೂ ಒಂದೇ ಆಗಿರುವುದು ಅಪರೂಪ.

2. ಕಡಿತವನ್ನು ಮೊದಲನೆಯ ಪಟ್ಟಿಯ ಮೇಲ್ಭಾಗದಲ್ಲಿ ಮಾಡಬೇಕು. ಎರಡನೆಯ ಪಟ್ಟಿಯ ಮೇಲ್ಭಾಗವನ್ನು ಮುಟ್ಟಬಾರದು.

3. ಸಮತೋಲದ ಗಡಿಯನ್ನು ದಿನದ ಸಂಖ್ಯೆಯಾಗಿ ತಿಳಿದಿರಬೇಕು. ವರ್ಷಾಂತ್ಯದ ಲೆಕ್ಕಪತ್ರ ಬರುವ ವೇಳೆಗೆ ಸಮಯ ಮೀರಿರುತ್ತದೆ.

4. ಹೆಚ್ಚು ಹಣ ಕೊಡುವ ಗಿರಾಕಿ ಮತ್ತು ಪ್ರತಿದಿನ ಬರುವ ಗಿರಾಕಿ ಬೇರೆ ಬೇರೆ. ಮೊದಲನೆಯವನಿಂದ ಬೆಳವಣಿಗೆ, ಎರಡನೆಯವನಿಂದ ಉಳಿವು.

5. ಸುಲಭವಾಗಿ ದೊರೆಯುವ ಸ್ಥಳೀಯ ಸಾಮಗ್ರಿಯ ಮೂಲವನ್ನು ಮೊದಲೇ ಕಾಪಾಡಿಕೊಳ್ಳಬೇಕು. ಭೋಜನಾಲಯದ ಮಾಲೀಕನು ಹಿತ್ತಿಲಿನಲ್ಲಿ ಅಚೋಟೆ, ಮೆಣಸು ಬೆಳೆಸುವುದು ಅಥವಾ ನೆರೆಯ ಬೆಳೆಗಾರನೊಡನೆ ವರ್ಷದ ಒಪ್ಪಂದ ಮಾಡಿಕೊಳ್ಳುವುದು ಅಂಗಡಿಗೆ ಬೀಗ ಹಾಕುವಷ್ಟೇ ಅಗತ್ಯವಾದ ಎಚ್ಚರಿಕೆ.

6. ಅಡುಗೆಯ ಜ್ಞಾನವೂ ಸ್ಥಳೀಯ ಸಾಮಗ್ರಿಯೇ. ಹಿರಿಯರ ಕೈಯಲ್ಲಿರುವ ಅಳತೆ, ಹದ, ಕ್ರಮಗಳನ್ನು ಬರೆದಿಟ್ಟು ಕಿರಿಯರಿಗೆ ಕಲಿಸದಿದ್ದರೆ ಅದಕ್ಕೂ ಬದಲಿ ಬಂದರಿಲ್ಲ.

ಕರ್ನಾಟಕದ ಅನೇಕ ಸಣ್ಣ ಉದ್ಯಮಗಳು ಯಂತ್ರ, ರಾಸಾಯನಿಕ, ಇಂಧನಗಳಿಗಾಗಿ ಹೊರಗಿನವರನ್ನು ಅವಲಂಬಿಸಿರುವುದು ಗ್ವಾಮ್‌ನ ಭೋಜನಾಲಯದ ಸ್ಥಿತಿಗೆ ಬಹಳ ದೂರದ್ದಲ್ಲ. ಹೊರಗಿನಿಂದ ತರಿಸುವುದು ಅವಮಾನವೂ ಅಲ್ಲ, ದೌರ್ಬಲ್ಯವೂ ಅಲ್ಲ. ತರಿಸಿದ ಮೂವತ್ತರ ಮೇಲೆ ತನ್ನದೆಂದು ಹೇಳಬಹುದಾದ ಐದು ಯಾವುದೆಂದು ತಿಳಿದಿರುವುದು ಮುಖ್ಯ. ಆ ಐದನ್ನು ಬಲ್ಲ ಅಂಗಡಿ ಹಡಗು ತಡವಾದ ವಾರವನ್ನೂ ದಾಟೀತು.